ವಿಮಾನಸಂಘಟ್ಟನಿವಾರಣ ಯಂತ್ರದ ಪೂರ್ವೋತ್ತರ

ಆಕಾಶವು ವಿಭುವೆಂದೂ ಅಖಂಡವೆಂದೂ ತಾರ್ಕಿಕರು ಹೇಳುತ್ತಾರೆ. ಮೇರೆಯಿಲ್ಲದ ಈ ಅವಕಾಶದಲ್ಲಿ ಎರಡು ವಿಮಾನಗಳು ಒಂದನ್ನೊಂದು ಹುಡುಕಿಕೊಂಡು ಬಂದಂತೆ ಬಂದು ತಗುಲುವುದು ಸಂಭವಿಸುವುದೆಂತು ಎಂದು ಯಾರಾದರೂ ಪೂರ್ವಪಕ್ಷವನ್ನು ಹೂಡಿದರೆ ಅದನ್ನು ಅಸಂಗತವೆಂದು ತಳ್ಳುವಂತಿಲ್ಲ. ವಿಮಾನಗಳು ಆಕಾಶದ ತುಂಬ ಚದುರಿ ಹಾರುವುದಿಲ್ಲವೆಂಬುದೇ ಇದಕ್ಕೆ ಸಮಾಧಾನ. ನೆಲದ ಮೇಲೆ ಹಾದಿ ಹಿಡಿದು ನಡೆದ ಮನುಷ್ಯನು ಆ ಅಭ್ಯಾಸವನ್ನು ಮೇಲಕ್ಕೂ ಕೊಂಡೊಯ್ದಿರುವನು. 1922ನೆಯ ಇಸವಿ ಏಪ್ರಿಲ್ 7ರಂದು ಫ್ರಾನ್ಸಿನ ಪಿಕಾರ್ಡಿ ಪ್ರಾಂತದಲ್ಲಿ ಲಂಡನ್ನಿನ ಕಡೆಯಿಂದ ಬಂದ ಒಂದು ವಿಮಾನವೂ ಪ್ಯಾರಿಸ್ಸಿನ ಕಡೆಯಿಂದ ಬಂದ ಇನ್ನೊಂದೂ ಮಂಜಿನಲ್ಲಿ ಎದುರುಬದುರಾಗಿ ತಗುಲಿ ಏಳು ಮಂದಿ ಮಡಿದರು. ಪ್ರಯಾಣಿಕರ ಸಂಚಾರಕ್ಕೆಂದು ಏರ್ಪಟ್ಟ ವಿಮಾನಗಳಲ್ಲಿ ಇದೇ ಮೊದಲನೆಯ ಡಿಕ್ಕಿಯೆಂದು ಹೇಳುವುದುಂಟು. ಇಬ್ಬರು ಚಾಲಕರೂ ದಿಕ್ಕು ತಪ್ಪದಿರಲೆಂದು ಕೆಳಗಣ ಒಂದೇ ರಸ್ತೆಯನ್ನು ನೋಡಿಕೊಂಡು ಹಾರುತ್ತಿದ್ದರು. ಬಂಡಿಗಳಿಗೆ ಬೇಕಾದ ಬಲಬದಿ ಎಡಬದಿಗಳ ನಿಯಮವು ಆಕಾಶಕ್ಕೂ ಬೇಕೆಂದು ಆಗಲೇ ತಿಳಿದವರಿಗೆ ಮನವರಿಕೆಯಾಯಿತು.

ಅಂದಿನಿಂದ ಇಂದಿನವರೆಗೆ ಈ ಅಪಾಯದ ನಿವಾರಣೆಗಾಗಿ ಏನೇನು ನಡೆಯಿತೆಂಬುದನ್ನೂ, ಈಗ ದೊಡ್ಡ ವಿಮಾನಗಳಲ್ಲೆಲ್ಲ ಇರುವ ನಿವಾರಣಯಂತ್ರವನ್ನು ಯಾವ ಬಗೆಯಲ್ಲಿ ತಂತಿ ಹೂಡಿ ಅಣಿಗೊಳಿಸುತ್ತಾರೆಂಬುದನ್ನೂ, ಅದರ ಮಾತಿಗೂ ಮನುಷ್ಯನ ಮಾತಿಗೂ ವಿರೋಧ ಬಂದಾಗ ಏನಾಯಿತೆಂಬುದನ್ನೂ ಪ್ರಕೃತ ಲೇಖನದಲ್ಲಿ ವಾಚಕರ ಮುಂದಿಡಲಾಗಿದೆ.

ಬಹುಕಾಲದವರೆಗೆ ಇದ್ದ ಉಪಾಯವೆಂದರೆ ಚಾಲಕನ ಕಣ್ಣು. ನೋಡು, ಇತರರಿಗೆ ಕಾಣಿಸಿಕೊ ಎಂಬುದೇ ಸೂತ್ರ. ಈ ಸೂತ್ರವು ಮುರಿದುಬಿದ್ದುದು 1956ನೆಯ ಇಸವಿ ಜೂನ್ 30ರಂದು. ಅಮೆರಿಕದ ಲಾಸ್ ಏಂಜಲೀಸ್ ನಗರದಿಂದ ಆ ಬೆಳಗ್ಗೆ ಮೂರು ನಿಮಿಷಗಳ ಅಂತರದಲ್ಲಿ ಎರಡು ವಿಮಾನಗಳು ಹೊರಟುವು, ಒಂದು ಟಿ. ಡಬ್ಲ್ಯು. ಎ. ಸಂಸ್ಥೆಯದು, ಇನ್ನೊಂದು ಯುನೈಟೆಡ್ ಸಂಸ್ಥೆಯದು. ಸುಮಾರು ಒಂದೂವರೆ ಗಂಟೆಯ ತರುವಾಯ ಅರಿಜೋನಾ ಪ್ರಾಂತದ ಮಹಾಕಂದರವಾದ ಗ್ರ್ಯಾಂಡ್ ಕ್ಯಾನ್ಯನ್ನಿನ ಮೇಲೆ, 21,000 ಅಡಿ ಎತ್ತರದಲ್ಲಿ, ಅವೆರಡೂ ಒಂದಕ್ಕೊಂದು ತಗುಲಿ ಕೆಳಗುರುಳಿದುವು. ಎರಡರಲ್ಲಿಯೂ ಇದ್ದ 128 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಹಗಲು ಹೊತ್ತು, ಚಾಲಕರು ಅನುಭವಿಗಳು. ಆ ಪ್ರದೇಶದಲ್ಲಿ ನೆಲದಿಂದ ಅವರನ್ನು ಗಮನಿಸುವವರು ಯಾರೂ ಇರಲಿಲ್ಲ. ಇರಬೇಕೆಂಬ ನಿಯಮವೂ ಇರಲಿಲ್ಲ. ಈ ದುರಂತದ ಫಲವಾಗಿ 1958ರಲ್ಲಿ ಆ ದೇಶದ ವಿಮಾನಸಂಚಾರಕ್ಕೆಲ್ಲ ಒಂದೇ ಅಧಿಕಾರಸಂಸ್ಥೆ ಏರ್ಪಟ್ಟಿತು.

ಕಣ್ಣು ಏಕೆ ಸೋತಿತೆಂಬುದನ್ನು ಸ್ವಲ್ಪ ವಿಚಾರಿಸತಕ್ಕುದು. ಗಂಟೆಗೆ 500 ಮೈಲಿಯಂತೆ ಎರಡು ವಿಮಾನಗಳು ಎದುರಾದರೆ ಅವುಗಳ ನಡುವಣ ದೂರವು ಗಂಟೆಗೆ 1,000 ಮೈಲಿಯಂತೆ ಕುಗ್ಗುವುದು. ಎಂದರೆ ಮೂರೂವರೆ ಸೆಕೆಂಡಿಗೆ ಒಂದು ಮೈಲಿಯಷ್ಟು. ಇದಕ್ಕಿಂತಲೂ ಸೂಕ್ಷ್ಮವಾದ ಕಾರಣವೊಂದಿದೆ. ಚಲಿಸುವ ವಸ್ತುವನ್ನು ಕಣ್ಣು ಬೇಗನೆ ಹಿಡಿಯುವುದು, ನಿಂತ ವಸ್ತುವನ್ನು ಹಿಡಿಯದು. ಎರಡು ವಿಮಾನಗಳು ನೇರವಾಗಿ ಸಮವೇಗದಿಂದ ಒಂದೇ ಬಿಂದುವಿಗೆ ಸಾಗುತ್ತಿರುವಾಗ ಒಂದರ ಕಿಟಕಿಯಲ್ಲಿ ಇನ್ನೊಂದು ನಿಂತ ಚುಕ್ಕೆಯಂತೆಯೇ ತೋರುವುದು. ಆಚೆಗೂ ಈಚೆಗೂ ಸರಿಯದು; ದೊಡ್ಡದಾಗುತ್ತ ಹೋಗುವುದೊಂದೇ ಅದರ ಲಕ್ಷಣ, ಅದೂ ಕೊನೆಯ ಕೆಲವು ಸೆಕೆಂಡುಗಳಲ್ಲಿ. ಕಿಟಕಿಯಲ್ಲಿ ಓಡಾಡುವ ವಿಮಾನವು ಬಹುಮಟ್ಟಿಗೆ ನಿರಪಾಯವಾದುದು; ಕದಲದಿರುವುದೇ ಮೃತ್ಯು. ಪ್ರತ್ಯಕ್ಷಪ್ರಮಾಣವು ಹೀಗೆ ಕೈಕೊಡುವ ಸ್ಥಳದಲ್ಲಿ ಅನುಮಾನಕ್ಕೆ ಶರಣು ಹೋಗದೆ ಗತಿಯಿಲ್ಲ.

ಆ ಅನುಮಾನದ ಹಾದಿಯನ್ನು ತೋರಿದವನು ಬೆಂಡಿಕ್ಸ್ ಸಂಸ್ಥೆಯಲ್ಲಿದ್ದ ಜೆ. ಎಸ್. ಮಾರೆಲ್ ಎಂಬ ವಿಜ್ಞಾನಿ. 1950ರ ದಶಕದ ನಡುವಿನಲ್ಲಿ ಆತನು ಪ್ರಕಟಿಸಿದ ವಿಚಾರವು ಸರಳವಾದುದು, ಆದರೆ ಅದಕ್ಕೆ ಮೊದಲು ಅದರ ಬೆಲೆ ತಿಳಿದಿರಲಿಲ್ಲ. ಅಪಾಯವನ್ನು ಮೈಲಿಯಿಂದ ಅಳೆಯಬಾರದು, ಕಾಲದಿಂದ ಅಳೆಯಬೇಕು ಎಂಬುದೇ ಅದರ ಸಾರ. ನಡುವಣ ದೂರವನ್ನು ಅದು ಕುಗ್ಗುತ್ತಿರುವ ವೇಗದಿಂದ ಭಾಗಿಸಿದರೆ ಬರುವ ಕಾಲವೇ ಉಳಿದಿರುವ ಆಯುಸ್ಸು. ಹತ್ತು ಮೈಲಿ ದೂರದಲ್ಲಿದ್ದು ನಿಮಿಷಕ್ಕೆ 20 ಮೈಲಿಯಂತೆ ಹತ್ತಿರವಾಗುವ ವಿಮಾನಗಳಿಗೆ ಉಳಿದಿರುವುದು ಮೂವತ್ತು ಸೆಕೆಂಡು. ಎರಡೇ ಮೈಲಿ ದೂರದಲ್ಲಿ ಒಂದರ ಹಿಂದೆ ಒಂದು ಸಮವೇಗದಿಂದ ಹೋಗುವ ವಿಮಾನಗಳಿಗಾದರೋ ಎಷ್ಟು ಕಾಲವಾದರೂ ಭಯವಿಲ್ಲ. ಗ್ರೀಕರ 'ಟೌ' ಎಂಬ ಅಕ್ಷರದಿಂದ ಈ ಕಾಲವನ್ನು ಸೂಚಿಸುವ ರೂಢಿ ಬಂದಿತು. ಇಂದಿನ ಯಂತ್ರಗಳು ಕೂಡ ಬಹುತರವಾಗಿ ಈ ಲೆಕ್ಕವನ್ನೇ ಮಾಡುತ್ತವೆ.

ಲೆಕ್ಕವು ಸಿದ್ಧವಾದರೂ ಯಂತ್ರವು ಸಿದ್ಧವಾಗಲು ಇನ್ನೂ ಮೂವತ್ತು ವರ್ಷ ಹಿಡಿಯಿತು. 1960ರ ದಶಕದಲ್ಲಿ ಮಾಡಿದ ಯಂತ್ರಗಳಿಗೆ ಒಂದು ದೋಷವಿತ್ತು: ಅದೇ ಯಂತ್ರವನ್ನು ಎದುರಿನ ವಿಮಾನವೂ ಹೊತ್ತಿರಬೇಕು. ಮೊದಲು ಕೊಂಡವನಿಗೆ ಯಾವ ಪ್ರಯೋಜನವೂ ಇಲ್ಲದ ವಸ್ತುವನ್ನು ಯಾರು ಮೊದಲು ಕೊಳ್ಳುವರು? ಈ ಗಂಟನ್ನು ಬಿಡಿಸಿದುದು ಹಳೆಯ ಒಂದು ಯುದ್ಧೋಪಕರಣ. ಎರಡನೆಯ ಮಹಾಯುದ್ಧದಲ್ಲಿ ಸ್ವಪಕ್ಷ ಪರಪಕ್ಷಗಳ ವಿಮಾನಗಳನ್ನು ಗುರುತಿಸಲು, ನೆಲದ ರೇಡಾರು ಕೇಳಿದರೆ ವಿಮಾನದಿಂದ ಉತ್ತರ ಕೊಡುವ ಒಂದು ಪೆಟ್ಟಿಗೆಯನ್ನು ಬಳಸುತ್ತಿದ್ದರು. ಅದರ ಸಂತತಿಯಾದ ಟ್ರಾನ್ಸ್‌ಪಾಂಡರ್ ಎಂಬುದು ಯುದ್ಧಾನಂತರ ಪ್ರಯಾಣಿಕರ ವಿಮಾನಗಳಿಗೂ ಬಂದು, ಕೇಳಿದಾಗಲೆಲ್ಲ ತನ್ನ ಗುರುತನ್ನೂ ಎತ್ತರವನ್ನೂ ನೆಲಕ್ಕೆ ತಿಳಿಸುತ್ತಿದ್ದಿತು. ನೆಲಕ್ಕೆ ಸಲ್ಲುವ ಆ ಉತ್ತರವನ್ನು ಪಕ್ಕದ ವಿಮಾನವೂ ಕೇಳಿಸಿಕೊಳ್ಳಬಾರದೇಕೆ? ಜಾರ್ಜ್ ಲಿಚ್‌ಫರ್ಡ್ ಮೊದಲಾದವರು ಈ ಯೋಚನೆಯನ್ನು ಬೆಳೆಸಿದರು. ಹೀಗಾದುದರಿಂದ ಯಂತ್ರವನ್ನು ಕೊಂಡ ಮೊದಲನೆಯ ವಿಮಾನಕ್ಕೂ ಟ್ರಾನ್ಸ್‌ಪಾಂಡರನ್ನು ಹೊತ್ತ ಸಾವಿರಾರು ವಿಮಾನಗಳಿಂದ ರಕ್ಷಣೆ ದೊರೆಯುವಂತಾಯಿತು.

ಆದರೂ ಶಾಸನವು ಹೊರಡಬೇಕಾದರೆ ಮತ್ತೆ ರಕ್ತವೇ ಬೇಕಾಯಿತು. 1978ರ ಸೆಪ್ಟೆಂಬರ್ 25ರಂದು ಸ್ಯಾನ್ ಡಿಯೇಗೊ ನಗರದ ಮೇಲೆ ಒಂದು ಬೋಯಿಂಗ್ 727 ವಿಮಾನವು ಚಿಕ್ಕ ಸೆಸ್ನಾ ವಿಮಾನಕ್ಕೆ ತಗುಲಿ 144 ಮಂದಿ ತೀರಿಕೊಂಡರು. 1986ರ ಆಗಸ್ಟ್ 31ರಂದು ಲಾಸ್ ಏಂಜಲೀಸಿನ ಬಳಿಯ ಸೆರಿಟೋಸ್ ಎಂಬ ಊರಿನ ಮೇಲೆ ಮೆಕ್ಸಿಕೋ ದೇಶದ ಡಿ. ಸಿ. 9 ವಿಮಾನಕ್ಕೆ ಒಂದು ಚಿಕ್ಕ ಪೈಪರ್ ವಿಮಾನವು ತಗುಲಿತು. ನೆಲದ ಮೇಲೆ ಮನೆಗಳಲ್ಲಿದ್ದ 15 ಮಂದಿಯೂ ಸೇರಿ 82 ಮಂದಿ ಮಡಿದರು. ಆ ಪೈಪರಿನಲ್ಲಿ ಟ್ರಾನ್ಸ್‌ಪಾಂಡರ್ ಇದ್ದಿತು, ಆದರೆ ಅದು ಎತ್ತರವನ್ನು ಹೇಳುವ ಜಾತಿಯದಾಗಿರಲಿಲ್ಲ. ಮರುವರ್ಷ ಅಮೆರಿಕದ ಶಾಸನಸಭೆಯು, 30ಕ್ಕಿಂತ ಹೆಚ್ಚು ಆಸನಗಳುಳ್ಳ ಪ್ರಯಾಣಿಕರ ವಿಮಾನಗಳೆಲ್ಲ ನಿವಾರಣಯಂತ್ರವನ್ನು ಹೊಂದಿರತಕ್ಕುದೆಂದು ವಿಧಿಸಿತು. 1993ರ ಅಂತ್ಯದ ವೇಳೆಗೆ ಅದು ಜಾರಿಗೆ ಬಂದಿತು. ಈ ಯಂತ್ರಕ್ಕೆ ಅವರಿಟ್ಟ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಟಿ-ಕ್ಯಾಸ್ ಎಂದು ಕರೆಯುವರು.

ಇನ್ನು ಅದನ್ನು ವಿಮಾನದಲ್ಲಿ ಸ್ಥಾಪಿಸುವ ಬಗೆ. ಯಂತ್ರದ ಮುಖ್ಯ ಪೆಟ್ಟಿಗೆಯು ವಿಮಾನದ ಒಡಲೊಳಗೆ, ವಿದ್ಯುದುಪಕರಣಗಳನ್ನು ಇರಿಸುವ ಸ್ಥಳದಲ್ಲಿರುವುದು. ಅಲ್ಲಿಂದ ನಾನಾ ಕಡೆಗೆ ತಂತಿಗಳು ಹೊರಡುತ್ತವೆ. ಬೆನ್ನಿನ ಮೇಲೆ ಒಂದು, ಹೊಟ್ಟೆಯ ಕೆಳಗೆ ಒಂದು ಆಂಟೆನಾ. ಯಂತ್ರವು ಸೆಕೆಂಡಿಗೆ ಸುಮಾರು ಒಂದು ಸಲ 1030 ಮೆಗಾಹರ್ಟ್ಸ್ ಕಂಪನದಲ್ಲಿ ಸುತ್ತಲಿನವರನ್ನು ಪ್ರಶ್ನಿಸುವುದು. ಅವರ ಟ್ರಾನ್ಸ್‌ಪಾಂಡರುಗಳು 1090 ಮೆಗಾಹರ್ಟ್ಸಿನಲ್ಲಿ ಉತ್ತರಿಸುವುವು. ಪ್ರಶ್ನೆ ಹೋಗಿ ಉತ್ತರ ಬರುವಷ್ಟರ ಕಾಲದಿಂದ ದೂರವೂ, ಉತ್ತರದೊಳಗಿನ ಅಂಕಗಳಿಂದ ಎತ್ತರವೂ, ಬಂದ ದಿಕ್ಕಿನಿಂದ ಸ್ಥಾನವೂ ತಿಳಿಯುವುವು. ದಿಕ್ಕನ್ನು ತಿಳಿಯುವ ಬೆನ್ನಿನ ಆಂಟೆನಾಕ್ಕೆ ಸಾಮಾನ್ಯವಾಗಿ ನಾಲ್ಕು ಕೇಬಲುಗಳಿರುತ್ತವೆ. ತಪ್ಪದಿರಲೆಂದು ಒಂದೊಂದಕ್ಕೂ ಬಣ್ಣದ ಗುರುತು. ಅವು ಅದಲುಬದಲಾದರೆ ಎಡಗಡೆಯಿಂದ ಬರುವ ವಿಮಾನವು ಚಾಲಕನ ಮುಂದಣ ಫಲಕದಲ್ಲಿ ಬೇರೊಂದು ಕಡೆಯಲ್ಲಿ ತೋರುವುದು. ದಿಕ್ಕಿನ ಅರಿವು ಅಷ್ಟು ನಿಖರವಾದುದಲ್ಲವೆಂದು ತಿಳಿದೇ, ಯಂತ್ರವು ಎಡಕ್ಕೆ ಬಲಕ್ಕೆ ತಿರುಗೆಂದು ಎಂದೂ ಹೇಳುವುದಿಲ್ಲ. ಅದರ ವಿಧಿಯೆಲ್ಲ ಏರು, ಇಳಿ ಎಂಬುದರಲ್ಲಿಯೇ ಮುಗಿಯುವುದು.

ಇದಲ್ಲದೆ ಭೂಮಿಯಿಂದ ಇರುವ ಎತ್ತರವನ್ನು ಅಳೆಯುವ ರೇಡಿಯೋ ಆಲ್ಟಿಮೀಟರಿನಿಂದ ಒಂದು ತಂತಿ ಬರಬೇಕು. ನೆಲಕ್ಕೆ ಸಮೀಪದಲ್ಲಿರುವವನಿಗೆ ಇಳಿ ಎಂದು ಉಪದೇಶಿಸಿದರೆ ಗತಿಯೇನು? ಸುಮಾರು 1,100 ಅಡಿಗಿಂತ ಕೆಳಗೆ ಇಳಿಯೆಂಬ ಮಾತನ್ನೂ, 1,000 ಅಡಿಗಿಂತ ಕೆಳಗೆ ಎಲ್ಲ ವಿಧಿಗಳನ್ನೂ ಯಂತ್ರವು ಬಿಟ್ಟುಕೊಡುವುದು ಈ ತಂತಿಯ ಬಲದಿಂದಲೇ. ಇನ್ನೊಂದು ತಂತಿಯು ಮೌನದ ತಂತಿ. ಟಿ-ಕ್ಯಾಸ್, ಟ್ರಾನ್ಸ್‌ಪಾಂಡರ್, ದೂರಮಾಪಕ ಈ ಮೂರೂ ನೆರೆಹೊರೆಯ ಕಂಪನಗಳಲ್ಲಿ ಮಾತನಾಡುವುವಾದುದರಿಂದ, ಒಂದು ಕೂಗುವಾಗ ಉಳಿದುವುಗಳ ಕಿವಿಯನ್ನು ಕ್ಷಣಕಾಲ ಮುಚ್ಚಬೇಕು. ಮೂವರು ಗವಾಯಿಗಳು ಒಂದೇ ಕೋಣೆಯಲ್ಲಿದ್ದರೆ ಹೇಗೋ ಹಾಗೆ. ವಿಮಾನವು ನೆಲದ ಮೇಲಿದೆಯೋ ಹಾರುತ್ತಿದೆಯೋ, ಅತಿ ಎತ್ತರದಲ್ಲಿ ಇನ್ನೂ ಏರುವ ಶಕ್ತಿ ಅದಕ್ಕುಂಟೋ ಇಲ್ಲವೋ, ಚಾಲಕನ ಕಿವಿಗೆ ಧ್ವನಿಯು ಎಷ್ಟು ಗಟ್ಟಿಯಾಗಿ ಕೇಳಬೇಕು ಎಂಬಿವೆಲ್ಲವನ್ನೂ ಬೇರೆ ಬೇರೆ ತಂತಿಗಳನ್ನು ಕಟ್ಟಿಯೂ ಬಿಟ್ಟೂ ಯಂತ್ರಕ್ಕೆ ತಿಳಿಸಿಕೊಡುವರು. ಹಳೆಯ ವಿಮಾನಗಳಲ್ಲಿ ಎತ್ತರದ ಅಂಕವು ನೂರು ನೂರು ಅಡಿಯ ಮೆಟ್ಟಿಲುಗಳಾಗಿ ಅನೇಕ ತಂತಿಗಳ ಮೂಲಕ ಬರುತ್ತಿದ್ದಿತು. ಮೆಟ್ಟಿಲಿನಿಂದ ಮೆಟ್ಟಿಲಿಗೆ ಒಂದೇ ತಂತಿ ಬದಲಾಗುವಂತೆ ಅದನ್ನು ಜಾಣತನದಿಂದ ಹೂಡಿದ್ದರು. ಆದರೂ ಅವುಗಳಲ್ಲಿ ಒಂದು ತಂತಿ ಕಡಿದರೆ ಎತ್ತರವು ಸುಳ್ಳಾಗುವುದು, ಮತ್ತು ಆ ಸುಳ್ಳನ್ನು ಸುತ್ತಲಿನ ವಿಮಾನಗಳೆಲ್ಲ ನಂಬುವುವು.

ಸಂಸ್ಕೃತ ಓದಿದವರಿಗೆ ಇದರಲ್ಲಿ ಒಂದು ವಿಶೇಷ ಸಂತೋಷದ ಸಂಗತಿಯಿದೆ. ಪ್ರತಿಯೊಂದು ವಿಮಾನಕ್ಕೂ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲದ ಒಂದು ಸಂಖ್ಯಾನಾಮವುಂಟು. ಅದನ್ನು ಬಹಳ ವಿಮಾನಗಳಲ್ಲಿ 24 ತಂತಿಗಳಿಂದ ಬರೆಯುತ್ತಾರೆ: ವಿಮಾನದ ಲೋಹದ ಒಡಲಿಗೆ ಕಟ್ಟಿದ ತಂತಿಗೆ ಒಂದು, ಕಟ್ಟದೆ ಬಿಟ್ಟುದಕ್ಕೆ ಸೊನ್ನೆ. ಕಟ್ಟಿದುದನ್ನು ಗುರುವೆಂದೂ ಬಿಟ್ಟುದನ್ನು ಲಘುವೆಂದೂ ಎಣಿಸಿದರೆ ಇದು ಪಿಂಗಳಾಚಾರ್ಯರ ಪ್ರಸ್ತಾರವೇ ಹೊರತು ಬೇರೆಯಲ್ಲ. ಪಾದಕ್ಕೆ 24 ಅಕ್ಷರಗಳುಳ್ಳ ಸಂಕೃತಿಯೆಂಬ ಛಂದಸ್ಸಿನಲ್ಲಿ ಎಷ್ಟು ಸಮವೃತ್ತಗಳು ಸಂಭವಿಸುವುವೋ, ಅಷ್ಟೇ ವಿಮಾನನಾಮಗಳು ಲೋಕದಲ್ಲಿ ಸಾಧ್ಯ: 1,67,77,216. ಇವುಗಳಲ್ಲಿ ಒಂದೊಂದು ದೇಶಕ್ಕೂ ಒಂದೊಂದು ಭಾಗವನ್ನು ಅಂತರರಾಷ್ಟ್ರೀಯ ಸಂಸ್ಥೆಯು ಹಂಚಿಕೊಟ್ಟಿದೆ. ಭಾರತಕ್ಕೆ ಬಂದಿರುವ ನಾಮಗಳೆಲ್ಲ ಒಂದು ಗುರು ಐದು ಲಘುಗಳಿಂದ ಮೊದಲಾಗುತ್ತವೆ. ಉಳಿದ 18 ಸ್ಥಾನಗಳಲ್ಲಿ, ಧೃತಿಚ್ಛಂದಸ್ಸಿನ ಸಂಖ್ಯೆಯಂತೆ, 2,62,144 ಭೇದಗಳಿಗೆ ಅವಕಾಶ. ಪಿಂಗಳರು ವಿಮಾನವನ್ನು ಕಂಡಿದ್ದರೆಂದು ಇದರಿಂದ ಯಾರೂ ಸಾಧಿಸಹೊರಡಬೇಕಾಗಿಲ್ಲ. ಅಂತಹ ವಾದಗಳು ಈಚೆಗೆ ಹೆಚ್ಚಾಗಿವೆ. ಅವುಗಳಿಂದ ಪಿಂಗಳರಿಗೂ ಗೌರವವಿಲ್ಲ, ವಿಮಾನಕ್ಕೂ ಗೌರವವಿಲ್ಲ.

ಈ ನಾಮವು ಬರಿಯ ಅಲಂಕಾರವಲ್ಲ. ಎರಡು ವಿಮಾನಗಳು ಹತ್ತಿರವಾದಾಗ ಅವೆರಡರ ಯಂತ್ರಗಳೂ ತಮ್ಮತಮ್ಮೊಳಗೆ ಮಾತನಾಡಿ, ಒಂದು ಏರುವುದಾದರೆ ಇನ್ನೊಂದು ಇಳಿಯಬೇಕೆಂದು ಒಪ್ಪಂದ ಮಾಡಿಕೊಳ್ಳುವುವು. ಎರಡೂ ಏಕಕಾಲದಲ್ಲಿ ಏರುವೆನೆಂದರೆ ಯಾರು ಬಿಟ್ಟುಕೊಡತಕ್ಕವರು? ನಾಮಸಂಖ್ಯೆ ದೊಡ್ಡದಾದವನು ತನ್ನ ದಿಕ್ಕನ್ನು ಬದಲಿಸಬೇಕೆಂಬುದು ಕಟ್ಟಳೆ. ಲೋಕದಲ್ಲಿ ದೊಡ್ಡವರು ಇಷ್ಟು ಸುಲಭವಾಗಿ ತಗ್ಗುವುದು ಅಪರೂಪ. ವಿಮಾನವು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಮಾರಾಟವಾದಾಗ ಅದರ ನಾಮವನ್ನೂ ಬದಲಿಸಿ ಕಟ್ಟಬೇಕು. ಮರೆತರೆ ಒಂದೇ ಹೆಸರಿನ ಇಬ್ಬರು ಉಂಟಾಗಬಹುದು. ತನ್ನದೇ ನಾಮವನ್ನು ಹೊತ್ತು ಎದುರಿನಿಂದ ಬರುವ ವಿಮಾನವನ್ನು ಯಂತ್ರವು ತಾನೆಂದೇ ಬಗೆದು ಗಣನೆಗೆ ತೆಗೆದುಕೊಳ್ಳದೆ ಹೋದೀತು. ಈ ಬಗೆಯ ಅದ್ವೈತವು ಆಕಾಶದಲ್ಲಿ ಸಲ್ಲದು.

ನಮ್ಮ ದೇಶಕ್ಕೆ ಈ ವಿಷಯವು ತಟ್ಟಿದುದು 1996ನೆಯ ಇಸವಿ ನವೆಂಬರ್ 12ರ ಸಂಜೆ. ದೆಹಲಿಯಿಂದ ಹೊರಟು ಮೇಲೇರುತ್ತಿದ್ದ ಸೌದಿ ಅರೇಬಿಯದ ಬೋಯಿಂಗ್ 747 ವಿಮಾನವೂ, ದೆಹಲಿಗೆ ಇಳಿದು ಬರುತ್ತಿದ್ದ ಕಜಾಕಸ್ತಾನದ ಇಲ್ಯೂಷಿನ್ 76 ವಿಮಾನವೂ ಹರಿಯಾಣದ ಚರ್ಖಿ ದಾದ್ರಿ ಎಂಬ ಊರಿನ ಮೇಲೆ ತಗುಲಿದುವು. ಮೊದಲನೆಯದರಲ್ಲಿ 312, ಎರಡನೆಯದರಲ್ಲಿ 37. ಒಟ್ಟು 349 ಮಂದಿಯೂ ತೀರಿಕೊಂಡರು. ಹಾರುತ್ತಿರುವ ವಿಮಾನಗಳು ಡಿಕ್ಕಿಯಾದ ಪ್ರಸಂಗಗಳಲ್ಲಿ ಇಷ್ಟು ಜನ ಮಡಿದುದು ಮತ್ತೊಂದಿಲ್ಲ. ಸತ್ತವರಲ್ಲಿ ಬಹುಮಂದಿ ಅರಬ್ಬರ ನಾಡಿಗೆ ದುಡಿಮೆಗಾಗಿ ಹೊರಟಿದ್ದ ನಮ್ಮವರು. ಇಳಿಯುತ್ತಿದ್ದವನು 15,000 ಅಡಿಯಲ್ಲಿ, ಏರುತ್ತಿದ್ದವನು 14,000 ಅಡಿಯಲ್ಲಿ ನಿಲ್ಲತಕ್ಕುದೆಂದು ಅಪ್ಪಣೆಯಾಗಿದ್ದಿತು. ಕಜಾಕಸ್ತಾನದ ವಿಮಾನವು ತನ್ನ ಎತ್ತರವನ್ನು ಬಿಟ್ಟು ಕೆಳಗಿಳಿದುದೇ ಕಾರಣವೆಂದು ನ್ಯಾಯಮೂರ್ತಿ ಆರ್. ಸಿ. ಲಾಹೋಟಿಯವರ ವಿಚಾರಣಾಮಂಡಲಿಯು ನಿರ್ಣಯಿಸಿತು. ಬರುವವರಿಗೂ ಹೋಗುವವರಿಗೂ ಆಗ ಅಲ್ಲಿ ಒಂದೇ ಆಕಾಶಮಾರ್ಗವಿದ್ದಿತು. ವಿಮಾನದ ಎತ್ತರವನ್ನು ತೋರಿಸಬಲ್ಲ ರೇಡಾರು ದೆಹಲಿಯಲ್ಲಿ ಆಗಿನ್ನೂ ಬಳಕೆಗೆ ಬಂದಿರಲಿಲ್ಲ. ಆ ಬಳಿಕ ನಮ್ಮ ಸರಕಾರವು ಈ ದೇಶದ ಆಕಾಶಕ್ಕೆ ಬರುವ ಪ್ರಯಾಣಿಕರ ವಿಮಾನಗಳಿಗೆ ನಿವಾರಣಯಂತ್ರವನ್ನು ಕಡ್ಡಾಯ ಮಾಡಿತು.

ಯಂತ್ರವೇನೋ ಎಲ್ಲೆಡೆಯೂ ಬಂದಿತು. ಆದರೆ ಅದರ ಮಾತಿಗೆ ಎಷ್ಟು ಪ್ರಾಮಾಣ್ಯವೆಂಬುದನ್ನು ಯಾರೂ ನಿಶ್ಚಯವಾಗಿ ಹೇಳಿರಲಿಲ್ಲ. ಮೀಮಾಂಸಕರು ಶ್ರುತಿಗೂ ಸ್ಮೃತಿಗೂ ವಿರೋಧ ಬಂದಲ್ಲಿ ಯಾವುದು ಬಲವತ್ತರವೆಂಬುದನ್ನು ವಿಚಾರಿಸಿ ಮೊದಲೇ ನಿರ್ಣಯಿಸಿಟ್ಟಿದ್ದಾರೆ. ಯಾಗದ ನಡುವೆ ಕುಳಿತು ತರ್ಕಿಸಲು ಋತ್ವಿಜನಿಗೆ ಸಮಯವಿಲ್ಲ. ಚಾಲಕನಿಗೂ ಅಷ್ಟೆ. ಆದರೆ ನೆಲದ ನಿಯಂತ್ರಣಾಧಿಕಾರಿಯ ಅಪ್ಪಣೆಯೂ ಯಂತ್ರದ ಅಪ್ಪಣೆಯೂ ಬೇರೆಯಾದರೆ ಏನು ಮಾಡತಕ್ಕುದೆಂಬ ಬಗ್ಗೆ ನಿಯಮಗ್ರಂಥಗಳು ಒಂದೊಂದು ಕಡೆ ಒಂದೊಂದು ಬಗೆಯಾಗಿ ಹೇಳುತ್ತಿದ್ದುವು. 2001ರ ಜನವರಿ 31ರಂದು ಜಪಾನಿನ ಯೈಜು ಪಟ್ಟಣದ ಬಳಿ ಇದರ ಮುನ್ಸೂಚನೆಯಾಯಿತು. ಒಂದೇ ಸಂಸ್ಥೆಯ ಎರಡು ದೊಡ್ಡ ವಿಮಾನಗಳಲ್ಲಿ ಒಂದಕ್ಕೆ ಯಂತ್ರವು ಏರೆಂದಿತು, ನಿಯಂತ್ರಣಾಧಿಕಾರಿಯು ಇಳಿಯೆಂದಿದ್ದನು. ಚಾಲಕನು ಮನುಷ್ಯನ ಮಾತನ್ನು ಹಿಡಿದನು. ಇನ್ನೊಂದು ವಿಮಾನಕ್ಕೆ ಅದರ ಯಂತ್ರವೂ ಇಳಿಯೆಂದೇ ಹೇಳಿದ್ದಿತು. ಕಣ್ಣಿಗೆ ಕಂಡ ಕೊನೆಯ ಕ್ಷಣದಲ್ಲಿ ಚಾಲಕನು ವಿಮಾನವನ್ನು ಕೆಳಕ್ಕೆ ತಳ್ಳಿದುದರಿಂದ ಅನೇಕರಿಗೆ ಗಾಯಗಳಾದರೂ 677 ಜೀವಗಳು ಉಳಿದುವು.

ಹದಿನೇಳು ತಿಂಗಳ ತರುವಾಯ, 2002ನೆಯ ಇಸವಿ ಜುಲೈ 1ರ ರಾತ್ರಿ, ಆ ದೈವಾನುಕೂಲವು ಇರಲಿಲ್ಲ. ಮಾಸ್ಕೋದಿಂದ ಬಾರ್ಸಿಲೋನಾಕ್ಕೆ ಹೋಗುತ್ತಿದ್ದ ರಷ್ಯದ ಟುಪೊಲೆವ್ ವಿಮಾನದಲ್ಲಿ 69 ಮಂದಿ. ಅವರಲ್ಲಿ ಹೆಚ್ಚಿನವರು ಉಫಾ ನಗರದಿಂದ ವಿಹಾರಕ್ಕೆಂದು ಹೊರಟಿದ್ದ ಮಕ್ಕಳು. ಇಟಲಿಯಿಂದ ಬ್ರಸೆಲ್ಸಿಗೆ ಹೋಗುತ್ತಿದ್ದ ಸರಕಿನ ಬೋಯಿಂಗ್ 757ರಲ್ಲಿ ಇಬ್ಬರು ಚಾಲಕರು. ಜರ್ಮನಿಯ ದಕ್ಷಿಣದಲ್ಲಿ, ಕಾನ್‌ಸ್ಟನ್ಸ್ ಸರೋವರದ ದಡದ ಊಬರ್ಲಿಂಗೆನ್ ಪಟ್ಟಣದ ಮೇಲೆ ಎರಡೂ 36,000 ಅಡಿಯಲ್ಲಿ ಅಡ್ಡಲಾಗಿ ಬಂದುವು. ಆ ಆಕಾಶದ ಅಧಿಕಾರವು ಸ್ವಿಟ್ಜರ್ಲೆಂಡಿನ ಜ್ಯೂರಿಚ್ ಕೇಂದ್ರಕ್ಕೆ ಸೇರಿದುದು. ಅಲ್ಲಿ ಒಬ್ಬನೇ ಎರಡು ಮೇಜುಗಳ ಕೆಲಸವನ್ನು ನೋಡುತ್ತಿದ್ದನು; ಜೊತೆಗಾರನು ವಿಶ್ರಾಂತಿಗೆ ಹೋಗಿದ್ದನು. ರೇಡಾರಿನ ವ್ಯವಸ್ಥೆಯು ದುರಸ್ತಿಯಲ್ಲಿದ್ದುದರಿಂದ ಅಪಾಯವನ್ನು ತೋರಿಸುವ ಗುರುತು ಪರದೆಯ ಮೇಲೆ ಬರುತ್ತಿರಲಿಲ್ಲ. ಟೆಲಿಫೋನೂ ಕೆಟ್ಟಿದ್ದಿತು, ನೆರೆಯ ಕಾರ್ಲ್ಸ್‌ರೂಹ ಕೇಂದ್ರದವರು ಅಪಾಯವನ್ನು ಕಂಡು ಮತ್ತೆ ಮತ್ತೆ ಕರೆದರೂ ಕರೆ ಸೇರಲಿಲ್ಲ.

ಆತನು ಕಡೆಗೆ ಅಪಾಯವನ್ನು ಕಂಡು ಟುಪೊಲೆವಿಗೆ ಇಳಿಯೆಂದನು. ಏಳು ಸೆಕೆಂಡು ಕಳೆಯುವಷ್ಟರಲ್ಲಿ ಅದರ ಯಂತ್ರವು ಏರೆಂದಿತು. ಅದೇ ಕ್ಷಣದಲ್ಲಿ ಬೋಯಿಂಗಿನ ಯಂತ್ರವು ಇಳಿಯೆಂದಿತು. ಬೋಯಿಂಗಿನವರು ಯಂತ್ರಕ್ಕೆ ವಿಧೇಯರಾಗಿ ಇಳಿದರು. ಟುಪೊಲೆವಿನ ಸಹಚಾಲಕನು ಯಂತ್ರವು ಏರೆನ್ನುತ್ತಿದೆಯೆಂದು ನೆನಪಿಸಿದನು, ಅಷ್ಟರಲ್ಲಿ ನೆಲದಿಂದ ಇಳಿಯೆಂಬ ಅಪ್ಪಣೆ ಇನ್ನೊಮ್ಮೆ ಬಂದಿತು, ಅವರೂ ಇಳಿದರು. ಬೋಯಿಂಗಿನವರು ತಾವು ಯಂತ್ರದ ಮಾತಿನಂತೆ ಇಳಿಯುತ್ತಿರುವುದಾಗಿ ತಿಳಿಸಿದ ಮಾತು, ಇನ್ನೊಂದು ವಿಮಾನವನ್ನು ನೆಲಕ್ಕಿಳಿಸುವುದರಲ್ಲಿ ಮಗ್ನನಾಗಿದ್ದ ಆತನ ಕಿವಿಗೆ ಬೀಳಲಿಲ್ಲ. ಯಂತ್ರಗಳು ವಿಧಿಯನ್ನು ನುಡಿದ ಮೂವತ್ತಾರನೆಯ ಸೆಕೆಂಡಿನಲ್ಲಿ ಎಲ್ಲವೂ ಮುಗಿಯಿತು. 71 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಟುಪೊಲೆವಿನ ಚಾಲಕರನ್ನು ಅವಿಧೇಯರೆನ್ನುವುದು ಅನ್ಯಾಯ. ಅವರ ವಿಮಾನದ ಕೈಪಿಡಿಯು ನೆಲದ ಅಧಿಕಾರಿಯ ಅಪ್ಪಣೆಗೇ ಪ್ರಾಶಸ್ತ್ಯವನ್ನು ಕೊಟ್ಟಿದ್ದಿತು. ಇಬ್ಬರೂ ತಾವು ಕಲಿತ ಶಾಸ್ತ್ರವನ್ನು ಅನುಸರಿಸಿದರು, ಶಾಸ್ತ್ರಗಳು ಎರಡಾಗಿದ್ದುವು. ಜರ್ಮನಿಯ ತನಿಖಾಸಂಸ್ಥೆಯೂ ತನ್ನ ವರದಿಯಲ್ಲಿ ಈ ನಿಯಮಗಳ ಅಸಮಂಜಸತೆಯನ್ನು ಎತ್ತಿ ತೋರಿಸಿದೆ. ಆ ನಿಯಂತ್ರಣಾಧಿಕಾರಿಯನ್ನು, ಹೆಂಡತಿಮಕ್ಕಳನ್ನು ಆ ವಿಮಾನದಲ್ಲಿ ಕಳೆದುಕೊಂಡಿದ್ದ ಒಬ್ಬ ತಂದೆಯು 2004ರ ಫೆಬ್ರುವರಿಯಲ್ಲಿ ಆತನ ಮನೆಯ ಬಾಗಿಲಿನಲ್ಲಿಯೇ ಇರಿದು ಕೊಂದನು. 2007ರಲ್ಲಿ ಸ್ವಿಟ್ಜರ್ಲೆಂಡಿನ ನ್ಯಾಯಾಲಯವು ಆ ಕೇಂದ್ರವನ್ನು ನಡೆಸುತ್ತಿದ್ದ ಸಂಸ್ಥೆಯ ನಾಲ್ವರನ್ನು ಅಪರಾಧಿಗಳೆಂದು ತೀರ್ಮಾನಿಸಿತು. ಒಬ್ಬನನ್ನೇ ಮೇಜಿನ ಮುಂದೆ ಬಿಡುವ ಪದ್ಧತಿಯು ಆ ಒಬ್ಬನು ಮಾಡಿದುದಲ್ಲವಷ್ಟೆ.

ಬಲಾಬಲದ ನಿರ್ಣಯವು ಕೊನೆಗೆ 2003ರಲ್ಲಿ ಆಯಿತು: ವಿರೋಧ ಬಂದಾಗ ಯಂತ್ರದ ಮಾತೇ ಪ್ರಮಾಣ, ಅದಕ್ಕೆ ವಿರುದ್ಧ ದಿಕ್ಕಿನಲ್ಲಿ ಚಾಲಕನು ಎಂದಿಗೂ ಹೋಗತಕ್ಕುದಲ್ಲ. ಯಂತ್ರದ ಒಳಗಣ ಲೆಕ್ಕವನ್ನೂ ತಿದ್ದಿದರು. ಎರಡು ವಿಮಾನಗಳೂ ಒಂದೇ ದಿಕ್ಕಿಗೆ ಹೋಗುತ್ತಿದ್ದರೆ ವಿಧಿಯನ್ನು ತಿರುಗಿಸುವ ಶಕ್ತಿಯನ್ನು ಹೆಚ್ಚಿಸಿದರು. ಚಾಲಕರಿಗೆ ಅರ್ಥವಾಗದೆ ತಪ್ಪಿಗೆ ಎಡೆಮಾಡುತ್ತಿದ್ದ 'ವೇಗವನ್ನು ಸರಿಪಡಿಸು' ಎಂಬ ಮಾತನ್ನು ತೆಗೆದು 'ಸಮತಲಕ್ಕೆ ಬಾ' ಎಂಬ ಮಾತನ್ನಿಟ್ಟರು. ಯೂರೋಪಿನಲ್ಲಿ 2015ರ ಅಂತ್ಯದ ವೇಳೆಗೆ ಇದು ಎಲ್ಲ ದೊಡ್ಡ ವಿಮಾನಗಳಿಗೂ ಬಂದಿತು. ಆದರೆ ಉತ್ತರ ಕೊಡದವನ ಮುಂದೆ ಯಾವ ಯಂತ್ರವೂ ಕುರುಡೇ ಸರಿ. 2006ರ ಸೆಪ್ಟೆಂಬರ್ 29ರಂದು ಬ್ರೆಜಿಲ್ ದೇಶದ ಕಾಡಿನ ಮೇಲೆ 37,000 ಅಡಿಯಲ್ಲಿ ಒಂದು ಚಿಕ್ಕ ಜೆಟ್ಟಿನ ಟ್ರಾನ್ಸ್‌ಪಾಂಡರು ಚಾಲಕರಿಗೆ ತಿಳಿಯದಂತೆ ಮೌನವಾಗಿದ್ದಿತು. ಎದುರಿಗೆ ಬಂದ ಬೋಯಿಂಗ್ 737ರಲ್ಲಿದ್ದ 154 ಮಂದಿಯೂ ಮಡಿದರು. ಜೆಟ್ಟಿನಲ್ಲಿದ್ದ ಏಳು ಮಂದಿ ಬದುಕಿ ಇಳಿದರು.

ನಮ್ಮ ಬೆಂಗಳೂರಿನ ಆಕಾಶದಲ್ಲಿಯೂ ಈ ಯಂತ್ರದ ಸ್ವರವು ಕೇಳಿಬಂದುದುಂಟು. 2018ರ ಜುಲೈ 10ರಂದು ಕೊಯಮತ್ತೂರಿನಿಂದ ಹೈದರಾಬಾದಿಗೂ ಬೆಂಗಳೂರಿನಿಂದ ಕೊಚ್ಚಿಗೂ ಹೊರಟಿದ್ದ, ಸುಮಾರು 330 ಪ್ರಯಾಣಿಕರಿದ್ದ ಎರಡು ವಿಮಾನಗಳ ನಡುವಣ ಎತ್ತರದ ಅಂತರವು 200 ಅಡಿಯಷ್ಟಕ್ಕೆ ಇಳಿದಿದ್ದಿತೆಂದು ವರದಿಯಾಯಿತು. ಯಂತ್ರದ ವಿಧಿಯಂತೆ ಚಾಲಕರು ನಡೆದುದರಿಂದ ಅವು ಬೇರ್ಪಟ್ಟುವು. 2022ರ ಜನವರಿ 7ರ ಬೆಳಗ್ಗೆ ಅದೇ ನಿಲ್ದಾಣದ ಎರಡು ಓಟದ ಹಾದಿಗಳಿಂದ ಕೋಲ್ಕತ್ತಕ್ಕೂ ಭುವನೇಶ್ವರಕ್ಕೂ ಎರಡು ವಿಮಾನಗಳು ಹೆಚ್ಚುಕಡಿಮೆ ಒಟ್ಟಿಗೆ ಮೇಲೆದ್ದು ಒಂದರ ಕಡೆಗೆ ಒಂದು ಸರಿಯುತ್ತಿದ್ದುವು. ಅಂದು ಅವನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿದುದು ರೇಡಾರಿನ ಮುಂದೆ ಕುಳಿತಿದ್ದ ಒಬ್ಬ ನಿಯಂತ್ರಣಾಧಿಕಾರಿಯ ಮಾತು.